ಚಾವಿ ತೆಗೆದರೂ ನಿಲ್ಲದ ಗಾಡಿ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಎಳೆಗೂಸಿನ ತುಟಿಯಂಥ ನಸುಗೆಂಪು ಚರ್ಮವಿತ್ತು. ಉಳಿದ ಬೆರಳುಗಳೆಲ್ಲ ಗ್ರೀಸು ಹಿಡಿದು ಕಪ್ಪಾಗಿದ್ದರೂ ಅದೊಂದು ಮಾತ್ರ ಸ್ವಚ್ಛ. ಕೆಲಸಕ್ಕೆ ಕೂತಾಗ ಮೊದಲು ಆ ಬೆರಳನ್ನು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಸ್ಟೇರಿಂಗಿನ ಕೆಳಗೆ ಕೈ ಹಾಕುತ್ತಿದ್ದರು. ವೈರು, ಸ್ಕ್ರೂ, ಕಬ್ಬಿಣದ ಪಟ್ಟಿ ಎಲ್ಲದರ ಮೇಲೂ ಅದು ನಿಧಾನವಾಗಿ ಹರಿದಾಡುತ್ತಿತ್ತು. ಯಾರಾದರೂ ಅದರ ಬಗ್ಗೆ ಕೇಳಿದರೆ, "ಉಗುರಿದ್ದ ಬೆರಳಿಗೆ ಕಬ್ಬಿಣ ಅಷ್ಟ ಗೊತ್ತಾಗ್ತೈತಿ, ಉಗುರಿಲ್ಲದ್ದಕ್ಕ ಕಬ್ಬಿಣದ ನೋವೂ ಗೊತ್ತಾಗ್ತೈತಿ" ಎನ್ನುತ್ತಿದ್ದರು.

ಬೆಟಗೇರಿಯಲ್ಲಿ ನಾವೆಲ್ಲ ಅವರನ್ನು ಮಿಸ್ತ್ರಿ ಕಾಕಾ ಎಂದೇ ಕರೆಯುತ್ತಿದ್ದೆವು. ನೇಕಾರರ ಮನೆತನ. ಹರೆಯದವರೆಗೆ ಅವರೂ ಅಪ್ಪನ ಜೊತೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೆಯ್ದವರು. ಮಗ್ಗ ನಿಂತ ಮೇಲೆ ಗಾಡಿಗಳ ವೈರಿಂಗ್ ಕಲಿತು, ಓಣಿಯ ತುದಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಹೊಸ ಕಾರುಗಳನ್ನು ಮುಟ್ಟುತ್ತಿರಲಿಲ್ಲ. ಹಳೆಯ ಕಾರು ಬಂದರೆ ಅದರ ಮಾಲೀಕ ಪಕ್ಕದ ಸೀಟಿನಲ್ಲಿ ಕೂತೇ ಇರಬೇಕು, ಆದರೆ ಏನು ಕೆಟ್ಟಿದೆ ಎಂದು ಹೇಳಕೂಡದು. "ಗಾಡಿ ಸುಳ್ಳು ಹೇಳೂದಿಲ್ಲ. ಗಾಡಿ ತಂದಾಂವ ಹೇಳತಾನ" ಎಂಬುದು ಅವರ ಮಾತು. ಒಮ್ಮೊಮ್ಮೆ ಗೇರಿನ ಹಿಡಿಕೆ ಸವರಿ, "ಇದನ್ನ ಭಾಳ ಸಿಟ್ಟಿಲೆ ಜಗ್ಗತಾರ" ಎಂದು, ಆ ಗಾಡಿಯನ್ನು ಎಂದೋ ಮಾರಿ ಹೋದವನ ಬಗ್ಗೆ ಅವನು ಹಿಂದಿನ ಸೀಟಿನಲ್ಲೇ ಕೂತಿರುವಂತೆ ಮಾತಾಡುತ್ತಿದ್ದರು. ಅದಕ್ಕೇ ಕೆಲವರು ಅವರ ಶೆಡ್ಡಿಗೆ ಹೋಗಲು ಹಿಂಜರಿಯುತ್ತಿದ್ದರು. ನಾನೂ ಅವರಲ್ಲೊಬ್ಬಳು.

ಕೊನೆಗೂ ನಾನು ಹೋದದ್ದು ನನ್ನ ಗಂಡ ತೀರಿಕೊಂಡು ಒಂದೂವರೆ ವರ್ಷವಾದ ಮೇಲೆ.

ನನ್ನ ಗಂಡ ಮುಂಡರಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಯಾವ ಹಳ್ಳಿಯಲ್ಲಿ ಎಮ್ಮೆ ಈಯಲು ಕಷ್ಟಪಟ್ಟರೂ ಅವರಿಗೇ ಫೋನು. ನಮ್ಮ ಹಳೆಯ ಬಿಳಿ ಕಾರಿನಲ್ಲಿ ಹೊರಟುಬಿಡುತ್ತಿದ್ದರು. ಆ ಭಾನುವಾರ ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮಗುವಿಗೆ ಹೆಸರಿಡುವುದಿತ್ತು. ನಾನು ಸೀರೆ ಉಟ್ಟು ತಯಾರಾಗಿದ್ದೆ. ಅಷ್ಟರಲ್ಲಿ ಕೊರ್ಲಹಳ್ಳಿಯಿಂದ ಫೋನು ಬಂತು, ಅವರು ಚೀಲ ತೆಗೆದುಕೊಂಡರು. ನಾನು ಬಾಗಿಲಲ್ಲಿ ನಿಂತು, "ದನಾನ ನಿಮಗ ಬಳಗ. ಅಲ್ಲೇ ಇದ್ದುಬಿಡ್ರಿ. ಹೊಳ್ಳಿ ಮನಿಗೆ ಬರಬ್ಯಾಡ್ರಿ" ಎಂದೆ. ಅವರು ಅರ್ಧ ಕುಡಿದ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಹೊರಟರು.

ಎಮ್ಮೆ ಈದು, ಕರು ಎದ್ದು ನಿಂತು, ಅವರು ಆ ಮನೆ ಬಿಟ್ಟಾಗ ಮೂರು ಗಂಟೆ. ನಾಲ್ಕರ ಸುಮಾರಿಗೆ ದನ ಮೇಯಿಸುವವರು ಊರ ಹೊರಗಿನ ಹೊಳೆಯ ದಂಡೆಯ ಮೇಲೆ ನಮ್ಮ ಕಾರನ್ನು ಕಂಡರು. ನಾಲ್ಕೂ ಬಾಗಿಲು ಹಾಕಿತ್ತು. ಒಳಗೆ ಯಾರೂ ಇರಲಿಲ್ಲ. ಇಂಜಿನ್ ಮಾತ್ರ ನಡೆಯುತ್ತಿತ್ತು, ಮುಂದಿನಿಂದ ಹಬೆ ಏಳುತ್ತಿತ್ತು. ಗಾಜಿಗೆ ಮುಖ ಹಚ್ಚಿ ನೋಡಿದವನಿಗೆ ಚಾವಿಯ ತೂತು ಖಾಲಿ ಕಂಡಿತು. ಸೀಟಿನ ಮೇಲೆ ಫೋನೊಂದು ಬಡಿದುಕೊಳ್ಳುತ್ತಿತ್ತು. ಅದು ನನ್ನದೇ ಕರೆ. ಬೆಳಗಿನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಎನ್ನಲು ನಾನು ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ. ಅರ್ಧ ತಾಸು ಯಾರೂ ಗಾಡಿಯ ಹತ್ತಿರ ಹೋಗಲಿಲ್ಲವಂತೆ. ಕಡೆಗೆ ಹಿರಿಯರೊಬ್ಬರು ಬ್ಯಾಟರಿಯ ವೈರು ಕಿತ್ತ ಮೇಲೆಯೇ ಅದು ನಿಂತದ್ದು.

ಮೂರನೆಯ ದಿನ ಅವರು ಸಿಕ್ಕರು, ಹೊಳೆಯಲ್ಲಿ ಎರಡು ಮೈಲಿ ಕೆಳಗೆ. ಚಾವಿ ಅವರ ಪ್ಯಾಂಟಿನ ಕಿಸೆಯಲ್ಲಿತ್ತು.

ಊರವರು ಎರಡು ಮಾತಾಡಿದರು. ಚಾವಿಯಿಲ್ಲದೆ ಗಾಡಿ ನಡೆಸುತ್ತಿದ್ದುದು ಬೇರೆ ಯಾವುದೋ, ಅದೇ ಅವರನ್ನು ಹೊಳೆಗೆ ಕರೆದೊಯ್ದಿತು ಎಂದು ಕೆಲವರು. ತಾನಾಗಿಯೇ ಹೋದ, ಮನೆಯಲ್ಲಿ ಏನು ನಡೆದಿತ್ತೋ ಎಂದು ಕೆಲವರು. ಮೊದಲನೆಯ ಮಾತಿಗೆ ನಾನು ಹೆದರಲಿಲ್ಲ. ಎರಡನೆಯದು ನನ್ನನ್ನು ಒಳಗಿಂದ ತಿನ್ನುತ್ತಿತ್ತು. ಬಾಗಿಲಲ್ಲಿ ನಿಂತು ನಾನು ಆಡಿದ್ದನ್ನು ಅವರು ಅಕ್ಷರಶಃ ನಡೆಸಿಕೊಟ್ಟಿದ್ದರು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕಾರನ್ನು ಎಳೆಸಿ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಕೊಳ್ಳಲು ಬಂದವರು ಕಥೆ ಕೇಳಿ ಹಿಂದಿರುಗುತ್ತಿದ್ದರು. ರಿಪೇರಿಯಾದರೆ ದೂರದ ಊರಿಗಾದರೂ ಹೋದೀತು ಎಂದು ಮಿಸ್ತ್ರಿ ಕಾಕಾರನ್ನು ಕರೆತಂದೆ.

ಬೆಳಿಗ್ಗೆ ಹನ್ನೊಂದು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ನನ್ನನ್ನು ಪಕ್ಕದ ಸೀಟಿನಲ್ಲಿ ಕೂಡಿಸಿ, ಅವರು ತಾವು ತಂದ ಬ್ಯಾಟರಿಯನ್ನು ಜೋಡಿಸಿದರು. ಅವರು ಬಾನೆಟ್ಟಿನ ಹಿಂದೆ ಇದ್ದರು, ಒಳಗೆ ನಾನೊಬ್ಬಳೇ. ಚಾವಿ ನನ್ನ ಮುಷ್ಟಿಯಲ್ಲಿತ್ತು. ಸ್ಟೇರಿಂಗಿನ ಮುಂದೆ ಕೆಂಪು ದೀಪ ತಾನಾಗಿಯೇ ಹತ್ತಿಕೊಂಡಿತು.

ನಾನು ಮುಷ್ಟಿ ಬಿಚ್ಚಿ ನೋಡಿದೆ, ಚಾವಿ ಅಲ್ಲೇ ಇತ್ತು. ಅವರು ಬಂದು ದೀಪವನ್ನು ನೋಡಿದರು, ನನ್ನ ಮುಷ್ಟಿಯನ್ನು ನೋಡಿದರು.

"ಒಂದೂವರಿ ವರ್ಷದಿಂದ ಇದು ಚಾಲೂನ ಐತಿ ತಂಗಿ. ಯಾರೂ ಇದನ್ನ ಬಂದ್ ಮಾಡಿಲ್ಲ" ಎಂದರು.

ಆಮೇಲೆ ಕಣ್ಣು ಮುಚ್ಚಿ ಕೆಳಗೆ ಕೈ ಹಾಕಿದರು. ನನ್ನ ಕೈಯಿಂದ ಚಾವಿ ತೆಗೆದುಕೊಂಡು ಅದರ ಹಲ್ಲುಗಳನ್ನೂ ಸವರಿದರು.

"ನಿಮ್ಮ ಯಜಮಾನ್ರು ಚಾವಿ ಒಳಗ ಒತ್ತಿ ಒತ್ತಿ ತಿರುವತಾರ. ಹೌದಲ್ಲ?"

ನನ್ನ ಗಂಡ ಮನೆಯ ಬೀಗವನ್ನೂ ಹಾಗೆಯೇ ತೆಗೆಯುತ್ತಿದ್ದರು, ಭುಜ ಬಾಗಿಸಿ ಒತ್ತಿ. ಅದನ್ನು ನೋಡಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಹೌದ್ರಿ" ಎಂದೆ.

ಸ್ಟೇರಿಂಗಿನ ಹೊದಿಕೆ ಬಿಚ್ಚಿ, ಸಣ್ಣ ಕಬ್ಬಿಣದ ತುಂಡೊಂದನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು.

"ಚಾವಿ ತಿರುಗೂದು ಮ್ಯಾಲ. ಖರೆ ಸ್ವಿಚ್ ಇರೂದು ಕೆಳಗ. ಎರಡರ ನಡಕ ಈ ಕಡ್ಡಿ. ಇದು ಮುರದೈತಿ. ಚಾವಿ ಬಂದ್ ಆತು, ಕೆಳಗಿನ ಸ್ವಿಚ್ಚಿಗೆ ಖಬರನ ಇಲ್ಲ. ಅದು ಚಾಲೂನ ಉಳೀತು."

ನನಗೆ ತಕ್ಷಣ ತಿಳಿಯಲಿಲ್ಲ. ಅವರು ತಾಳ್ಮೆಯಿಂದ ಮತ್ತೆ ಹೇಳಿದರು. "ಗಾಡಿ ಚಾಲೂ ಮಾಡೂಮುಂದ ಮುರದಿದ್ರ, ಗಾಡೀನ ಚಾಲೂ ಆಗತಿದ್ದಿಲ್ಲ. ಬಂದ್ ಮಾಡೂಮುಂದ ಮುರದೈತಿ. ಅವರು ದಿನಾ ಮಾಡಿದಂಗ ಬಂದ್ ಮಾಡ್ಯಾರ, ಚಾವಿ ತಗೊಂಡಾರ. ಗಾಡಿ ನಿಂತಿಲ್ಲ."

"ಹಂಗಾರ ಅವರು ತಾವಾಗೇ..." ಎಂದೆ.

"ಅದನ್ನ ಕಬ್ಬಿಣ ಹೇಳೂದಿಲ್ಲ ತಂಗಿ. ಇಷ್ಟ ಹೇಳತೈತಿ." ಬಾನೆಟ್ಟಿನ ಕಡೆ ನೋಡಿ ಕೇಳಿದರು, "ಈ ಗಾಡಿ ಕುದೀತಿತ್ತೇನು?"

"ಹೌದ್ರಿ. ಯಾವಾಗಲೂ ಹಿಂದ ಒಂದು ನೀರಿನ ಕ್ಯಾನ್ ಇಟ್ಕೊಂಡ ಹೋಗತಿದ್ರು."

ಅವರು ಡಿಕ್ಕಿ ತೆರೆದರು. ಸ್ಟೆಪ್ನಿ ಇತ್ತು, ಜಾಕು ಇತ್ತು, ಔಷಧದ ಡಬ್ಬಿ ಇತ್ತು. ಕ್ಯಾನ್ ಇರಲಿಲ್ಲ. ಅದು ಇಲ್ಲವೆಂಬುದು ಅಲ್ಲಿಯವರೆಗೆ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ನೀಲಿ ಬಣ್ಣದ್ದು, ಮೊದಲು ದನದ ಔಷಧ ಇದ್ದದ್ದು. ಅದರ ಮೇಲೆ ನನ್ನ ಗಂಡನೇ ಕೆಂಪು ಬಣ್ಣದಲ್ಲಿ 'ಕುಡಿಯಬಾರದು' ಎಂದು ಬರೆದಿದ್ದರು. ಕಾಕಾ ಇದನ್ನೆಲ್ಲ ಕೇಳಿಕೊಂಡು ಡಿಕ್ಕಿ ಮುಚ್ಚಿದರು.

"ಈಗ ಕಡ್ಡಿ ಹಾಕೂದಿಲ್ಲ. ನಾಕು ದಿನ ತಡೀರಿ" ಎಂದು ಹೋದರು.

ಐದನೆಯ ದಿನ ಬಂದು, "ನಡೀರಿ, ಕೊರ್ಲಹಳ್ಳಿಗೆ ಹೋಗಿ ಬರೂಣು" ಎಂದರು. ನಾನು ಒಲ್ಲೆನೆಂದೆ. ಅವರು ಒತ್ತಾಯ ಮಾಡಲಿಲ್ಲ, ಕಟ್ಟೆಯ ಮೇಲೆ ಕೂತರು. ಕಡೆಗೆ ನಾನೇ ಚಪ್ಪಲಿ ಮೆಟ್ಟಿದೆ. ಚಾವಿ ಹಾಕಿ ಸ್ಟೇರಿಂಗಿನ ಲಾಕ್ ಬಿಡಿಸಿ, ಕೆಳಗಿನ ಸ್ವಿಚ್ಚನ್ನು ಸ್ಕ್ರೂಡ್ರೈವರಿನಿಂದ ತಿರುವಿ ಗಾಡಿ ಚಾಲೂ ಮಾಡಿದರು. ಮುಂಡರಗಿ ದಾಟಿ ಹೊಳೆಯ ದಾರಿ ಹಿಡಿದೆವು.

ಹೊಳೆಯ ದಂಡೆಯ ಮೇಲೆ, ಕಾರು ಸಿಕ್ಕ ಜಾಗದಲ್ಲೇ ನಿಲ್ಲಿಸಿದರು. ನಡು ಮಧ್ಯಾಹ್ನ. ಕಣ್ಣಿಗೆ ಬೀಳುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ. ಚಾವಿ ತಿರುವಿ ಬಂದ್ ಮಾಡಿ, ಎಳೆದು ನನ್ನ ಅಂಗೈಯಲ್ಲಿಟ್ಟರು. ಇಂಜಿನ್ ನಡೆಯುತ್ತಲೇ ಇತ್ತು.

"ಇಳೀರಿ. ಬಾಗಲಾ ಹಾಕ್ರಿ. ಒಂದೀಟು ದೂರ ಹೋಗಿ ನೋಡ್ರಿ."

ಕಾಕಾರೂ ಇಳಿದು ಬಾಗಿಲು ಹಾಕಿದರು. ನಾನು ಹತ್ತು ಹೆಜ್ಜೆ ದೂರ ಹೋಗಿ ತಿರುಗಿ ನೋಡಿದೆ. ಯಾರೂ ಇಲ್ಲದ ಗಾಡಿ ಬಿಸಿಲಲ್ಲಿ ಉಸಿರಾಡುತ್ತ ನಿಂತಿತ್ತು. ಸ್ಟೇರಿಂಗಿನ ಚಕ್ರ, ಯಾರೋ ಅದರ ಮೇಲೆ ಕೈಯಿಟ್ಟು ಕೂತಂತೆ ಸಣ್ಣಗೆ ನಡುಗುತ್ತಿತ್ತು. ನೋಡುತ್ತ ನೋಡುತ್ತ ಸೀಟಿನ ಬೆನ್ನಿನಲ್ಲಿ ನನ್ನ ಗಂಡನ ಮೈಯ ತಗ್ಗು ಕಂಡಿತು. ಆ ಕ್ಷಣ ಬಾಗಿಲು ತೆರೆದು ಅವರು ಇಳಿದಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಅಲ್ಲೇ ಕೂತು, ಆ ಬೆಳಿಗ್ಗೆ ಬಾಗಿಲಲ್ಲಿ ನಾನು ಆಡಿದ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಗಾಡಿಗೆ ಹೇಳಿದೆನೋ, ಕಾಕಾರಿಗೆ ಹೇಳಿದೆನೋ ತಿಳಿಯದು.

ಕಾಕಾ ನನ್ನ ಪಕ್ಕ ಕೂತು ಕೇಳಿಸಿಕೊಂಡರು. "ಇಷ್ಟು ದಿನ ಇದನ್ನ ಒಬ್ಬಾಕೀನ ಇಟ್ಕೊಂಡಿದ್ದೇನವ್ವಾ" ಎಂದರು. ಆಮೇಲೆ ಎದ್ದು ಹೋಗಿ ಸ್ವಿಚ್ ತಿರುವಿ ಇಂಜಿನ್ ನಿಲ್ಲಿಸಿದರು. ಹೊಳೆಯ ಸದ್ದು ಆಗ ಕೇಳಿಸಿತು.

ಕಾಕಾ ನನ್ನನ್ನು ದಂಡೆಯ ಮೇಲಿನ ಮೊದಲ ಮನೆಗೆ ಕರೆದೊಯ್ದರು. ಅಲ್ಲಿ ಆಡು ಸಾಕಿಕೊಂಡ ಒಬ್ಬ ಮುದುಕಿ ಇದ್ದಳು. ಅವಳ ಕಟ್ಟೆಯ ಮೇಲೆ ನೀಲಿ ಕ್ಯಾನ್ ಇತ್ತು. ಬಿಸಿಲಿಗೆ ಮಾಸಿದ್ದರೂ ಅಕ್ಷರ ಓದಲು ಬರುತ್ತಿತ್ತು. ನನ್ನ ಗಂಡನದೇ ಕೈಬರಹ. ನಾನು ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ.

"ಎಲ್ಲಿ ಸಿಕ್ಕಿತ್ತಬೇ ಇದು?" ಎಂದು ಕಾಕಾ ಕೇಳಿದರು.

"ಆ ಗಾಡಿ ಗದ್ದಲ ಆದ ದಿನ ಸಂಜಿಮುಂದ ಸಿಕ್ಕಿತ್ತಪಾ. ಕೆಳಗ ಪಾಚಿಗಲ್ಲಿನ ಸಂದ್ಯಾಗ ಸಿಕ್ಕೊಂಡಿತ್ತು. ಅದರಾಗ ಅರ್ಧ ನೀರಿತ್ತು, ಮುಚ್ಚಳಾ ಇದ್ದಿಲ್ಲ. ಅವರದಂತ ನನಗೇನ ಗೊತ್ತು? ಗೊತ್ತಿದ್ರ ಮುಟ್ಟತಿದ್ದಿಲ್ಲ." ಅವಳು ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನೀರು ತುಂಬಾಕ ಬಂದಿದ್ರು ಕಾಣ್ತೈತಿ, ಯವ್ವಾ. ಆ ಕಲ್ಲಿನ ಮ್ಯಾಲ ನಾವೂ ಜಾರತೀವಿ."

ಗಾಡಿ ಕುದಿಯಿತು, ದಂಡೆಯ ಮೇಲೆ ನಿಲ್ಲಿಸಿ ಚಾವಿ ತೆಗೆದರೂ ಅದು ಬಂದ್ ಆಗಲಿಲ್ಲ, ಅವರು ಕ್ಯಾನ್ ಹಿಡಿದು ನೀರಿಗೆ ಇಳಿದರು. ಇಷ್ಟೇ. ಗಾಡಿಗೆ ನೀರು ಹಾಕಿಕೊಂಡು ಮನೆಗೆ ಬರುವವರಿದ್ದರು. ಹಿಂದಿರುಗುವ ದಾರಿಯುದ್ದಕ್ಕೂ ಕ್ಯಾನನ್ನು ತಬ್ಬಿಕೊಂಡು ಅತ್ತೆ. ಒಂದೂವರೆ ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ. ಕಾಕಾ ಗಾಡಿಯನ್ನು ಬಹಳ ನಿಧಾನವಾಗಿ ಓಡಿಸಿದರು.

ಮರುದಿನ ಅಪ್ಪನ ಮಗ್ಗದಿಂದ ಉಳಿಸಿಟ್ಟುಕೊಂಡ ಒಂದು ಸರಳನ್ನು ಕತ್ತರಿಸಿ, ಕಾಯಿಸಿ, ಎರಡೂ ತುದಿ ಬಗ್ಗಿಸಿ ಹೊಸ ಕಡ್ಡಿ ಮಾಡಿ ಹಾಕಿದರು. ಚಾವಿ ತಿರುವಿ ನನ್ನ ಕೈಯಿಂದಲೇ ಮೂರು ಸಲ ಬಂದ್ ಮಾಡಿಸಿದರು. ಮೂರು ಸಲವೂ ಗಾಡಿ ನಿಂತಿತು. ಕೆಂಪು ದೀಪ ಆರಿತು. "ಆತು" ಎಂದು ಟವೆಲ್ಲು ಕೊಡವಿದರು. ಆ ಗಾಡಿಯನ್ನು ನಾನು ಮಾರಲಿಲ್ಲ.

ಹೋದ ಚಳಿಗಾಲದಲ್ಲಿ ಶಿರಹಟ್ಟಿಯ ಮಗಳ ಮನೆಯಲ್ಲಿ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಮಗಳು ನನ್ನ ಗುರುತು ಹಿಡಿದಳು.

"ನೀವಲ್ಲೇನ್ರಿ, ಕೊರ್ಲಹಳ್ಳಿ ಗಾಡಿಯವರು? ನಿಮ್ಮ ಸಲುವಾಗಿ ಅಪ್ಪಾ ನಾಕು ದಿನ ಕೆಲಸಾ ಬಿಟ್ಟು ಬಸ್ಸಿನಾಗ ಅಡ್ಡಾಡಿದ್ದ. ದಂಡಿ ಮ್ಯಾಲಿನ ಮನಿ ಮನಿಗೆ ಹೋಗಿ ಕ್ಯಾನ್ ಸಿಕ್ಕೇತೇನು ಅಂತ ಕೇಳಿದ್ದ. ಆ ಮುದುಕಿ ಮನ್ಯಾಗ ಕಂಡ ಮ್ಯಾಲ, ಅದನ್ನ ಅಲ್ಲೇ ಇಡವಾ, ಅವರ ಹೆಂಡತೀನ್ನ ಕರಕೊಂಡ ಬರ್ತೀನಿ ಅಂದು ಬಂದಿದ್ದ."

ಅದು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ.

"ಸಿಗದಿದ್ರ ಏನ ಮಾಡತಿದ್ದಿ ಅಂತ ಕೇಳಿದ್ದೆ ನಾನು" ಎಂದಳು ಮಗಳು. "ಕಡ್ಡಿ ಹಾಕಿ, ಗಾಡಿ ಕೊಟ್ಟು ಸುಮ್ಮನಿರತಿದ್ದೆ, ಆ ತಂಗಿಗೆ ಹೊಳೀ ತೋರಸತಿದ್ದಿಲ್ಲ ಅಂದ."