ಬರಬೇಕಾಗಿದ್ದ ಮೋಟಾರಿನ ಸಪ್ಪಳ

ನಮ್ಮಣ್ಣನ ತಲಿ ಕೆಡಿಸಿದ್ದು ಒಂದು ಎಂಜಿನ್. ಹೆಣ್ಣಲ್ಲ, ಕುಡಿಯೋ ಸೆರೆ ಅಲ್ಲ. ಈ ಮಾತು ಹೇಳಿದರ ನನ್ನ ಮೊಮ್ಮಕ್ಕಳು ನಗತಾರ. ನಗಲಿ. ಅವರೇನು ನೋಡ್ಯಾರ?

ಆವಾಗ ಅಣ್ಣ ಕಲ್ಯಾಣದಾಗ ದೇಶಮುಖರ ವಾಡೆದ ಡ್ರೈವರ್. ವಾಡೆದ ಹಳೇ ಮೋಟಾರು ಹ್ಯಾಂಡಲ್ ಹೊಡೆದು ಹೊಡೆದು ಕೈ ಸೋತ ಮ್ಯಾಲ ಏಳತಿತ್ತು, ಹುಮನಾಬಾದ್ ಮುಟ್ಟೋದರೊಳಗ ಎರಡ್ಮೂರು ಕಡೆ ಕೆಟ್ಟು ಕೂಡತಿತ್ತು. ದೇಶಮುಖ ಸಾಹೇಬರು ಅಣ್ಣನ್ನ ಕರಕೊಂಡು ಮುಂಬೈಗೆ ಹೋಗಿದ್ದಾಗ ರೇಸಿನಾಗ ಓಡೋ ವಿಲಾಯತಿ ಮೋಟಾರು ನೋಡಿದರು. ಅದರದೇ ಹೊಸಾ ಮಾಡೆಲ್ ಬರೂದದ, ಇನ್ನೂ ಜೋರು ಓಡತದ ಅಂತ ಕೇಳಿ, ನನಗೊಂದಿರಲಿ ಅಂತ ಅಲ್ಲೇ ಹೇಳಿಬಂದರು. ಹಳೇದನ್ನ ಮಾರಿದರು. ತಬೇಲಾದಾಗಿನ ಕುದುರಿ ಹೊರಗ ಕಟ್ಟಿಸಿ, ನೆಲಕ್ಕ ಶಹಾಬಾದ್ ಕಲ್ಲು ಹಾಕಿಸಿ, ಮೋಟಾರಿಗೆ ಜಾಗಾ ಮಾಡಿಟ್ಟರು. "ಬಂದ ಮ್ಯಾಲ ನೀನೇ ನಡಸಬೇಕು," ಅಂದರು ಅಣ್ಣಗ. ಅವಗ ಅಷ್ಟೇ ಸಾಕಾತು.

ನಾ ಆಗ ಗಂಡನ ಊರು ಮುಡಬಿಯಿಂದ ಬಾಣಂತನಕ್ಕ ತವರಿಗೆ ಬಂದಿದ್ದೆ. ಅಣ್ಣ ಮುಂಜಾನೆದ್ದು ಆ ಖಾಲಿ ತಬೇಲಾ ಒರಸಾಂವ. ಮಧ್ಯಾಹ್ನ ನನ್ನ ಹೊರಸಿನ ಬಾಜೂಕ ಕುಂತು ಎಂಜಿನ್ ಕತಿ ಹೇಳಾಂವ. ಎಂಟು ಸಿಲಿಂಡರಂತ. ಅವುಕ್ಕ ಗಾಳಿ ಒತ್ತಿ ತುಂಬಾಕ ಇನ್ನೊಂದು ಯಂತ್ರಂತ. ಕಾಲು ಪೂರಾ ಒತ್ತಿದಾಗ ಮಾತ್ರ ಅದು ಚೀರತದಂತ. ಬೀಸುಕಲ್ಲಿನ ಗುರುಗುರು ಮ್ಯಾಲ ಮಿಡತಿ ಚೀರಿದಂಗ ಬಾಯಿಲೆ ಮಾಡಿ ತೋರಸತಿದ್ದ.

"ಬ್ಯಾರೆ ಕೆಲಸ ನೋಡೋ, ಸಾಹೇಬರ ಹುಚ್ಚು ಸಾಹೇಬರಿಗಿರಲಿ," ಅಂತಿದ್ದಳು ಅವ್ವ. "ಕನ್ಯಾ ಕೊಡಾಕ ಬಂದವರು ವಾಪಸ್ ಹೋಗಾಕತ್ತಾರ."

"ಅದೊಂದು ಬರಲಿ, ತಡಿಯವ್ವಾ," ಅನ್ನಾಂವ ಅಣ್ಣ.

ಇದ್ದೊಬ್ಬ ಮಗ, ಕಣ್ಣಿಗೆ ಕಾಣದ್ದನ್ನ ಕಾಯಕೋತ ಕೈಬಿಟ್ಟು ಹೋಗತಾನ ಅಂತ ಅವ್ವಗ ಅಂಜಿಕಿ.

ಮೊದಲ ಕೇಳಿಸಿದ್ದು ನನ್ನ ಕೂಸಿಗೆ. ದೀಪ ಹಚ್ಚೋ ಹೊತ್ತಿನಾಗ ಅದು ಮೊಲಿ ಬಿಟ್ಟು ಬಾಗಲ ಕಡೆ ಕತ್ತು ತಿರುವಿತು. ಆಮ್ಯಾಲ ಓಣಿ ನಾಯಿ ಬೊಗಳೋದು ನಿಲ್ಲಿಸಿದವು. ಆಮ್ಯಾಲ ನಮಗೂ ಕೇಳಿಸ್ತು. ಹುಮನಾಬಾದ್ ದಾರಿ ಕಡಿಂದ ಗುರುಗುರು, ಅದರ ಮ್ಯಾಲ ಸಣ್ಣಗ ಚೀರಾಟ. ಮಂದಿ ಕಂದೀಲು ಹಿಡದು ಹೊರಗ ಬಂದರು. ಸಪ್ಪಳ ಊರ ಅಗಸಿ ಬಾಗಲತನ ಬಂದು ನಿಂತಿತು. ದಾರಿ ಮ್ಯಾಲ ಏನೂ ಇದ್ದಿಲ್ಲ.

ನಿನ್ನ ಮಗನ ಬಾಯಿದೇ ಆಟ ಇದು ಅಂತ ಓಣಿಯವರು ಅವ್ವಗ ಬೈದರು. ನಾನೂ ಅಣ್ಣಗ ಬೈದೆ. ದಿನಾ ಸಂಜೀಕ ಹಂಗೇ ಆಗಾಕತ್ತಿತು. ಒಂದಿನ ಅವ್ವ ಸಿಟ್ಟಿಲೆ ಬಂದು ಅಣ್ಣನ ಬಾಯಿ ಗಟ್ಟಿಯಾಗಿ ಮುಚ್ಚಿ ಹಿಡದಳು. ಹೊರಗ ಚೀರಾಟ ನಿಲ್ಲಲಿಲ್ಲ. ಆಕಿ ಕೈ ಮ್ಯಾಲ ಅಣ್ಣನ ಕಣ್ಣೆರಡೂ ನಗಾಕತ್ತಿದ್ದವು. ಅವ್ವ ಕೈ ತೆಗೆದು, ಒಳಗ ಹೋಗಿ, ಒಲಿ ಮುಂದ ಕುಂತುಬಿಟ್ಟಳು. ನನಗ ಮೈ ಜುಮ್ ಅಂತು. ಈಗಲೂ ಅನ್ನತದ.

ಆ ವರ್ಷ ಜರ್ಮನಿ ಲಡಾಯಿ ಸುರುವಾತು. ಸಾಹೇಬರು ಅಣ್ಣನ್ನ ಕರೆಸಿದರು. ವಿಲಾಯತಿ ಮಾಲಿನ ಹಡಗ ನಿಂತಾವ, ಆ ಮಾಡೆಲ್ ಇನ್ನ ತಯಾರೇ ಆಗೂದಿಲ್ಲಂತ, ಕುದುರಿ ಒಳಗ ಕಟ್ಟು, ನಾಳಿಂದ ಟಾಂಗಾ ಹೂಡು ಅಂದರು. ಅವ್ವಗ ಆದ ಖುಷಿ ಏನು ಹೇಳಲಿ, ಹಬ್ಬ ಇಲ್ಲದ ಹೋಳಿಗಿ ಮಾಡಿದಳು. ಅಣ್ಣ ಉಂಡ. ಹೊಸಾ ಮೋಟಾರಿಗಂತ ಹೊಲಿಸಿದ್ದ ಖಾಕಿ ಕೋಟು ಹಾಕ್ಕೊಂಡ. "ಕುದುರಿ ಕಟ್ಟಿ ಬರತೀನವ್ವಾ," ಅಂತ ಹೇಳಿ ಹೋದ.

ಅವತ್ತು ಸಪ್ಪಳ ಹುಮನಾಬಾದ್ ಕಡಿಂದ ಬರಲಿಲ್ಲ. ತಬೇಲಾದಾಗ ಎದ್ದಿತು. ನಮ್ಮ ಬಾಗಲ ಮುಂದಿಂದ ಹಾದು ಹೋಗೋವಾಗ ಗ್ವಾಡಿಗಿನ ಹಿತ್ತಾಳಿ ತಾಟು ನಡುಗಿದವು. ಅಗಸಿ ದಾಟಿ ಸಣ್ಣಾಗಿ, ಇನ್ನೂ ಸಣ್ಣಾಗಿ, ಹೋಗೇಬಿಟ್ಟಿತು. ಅವ್ವ ತಬೇಲಾಕ್ಕ ಓಡಿದಳು. ಕುದುರಿ ಹೊರಗೇ ನಿಂತಿದ್ದವು. ಒಳಗ ಯಾರೂ ಇದ್ದಿಲ್ಲ.

ಮರುದಿನ ಅವ್ವ, ನಾನು, ಕೂಸು ಚಕ್ಕಡಿಯಾಗ ಹುಮನಾಬಾದ್ ಸುಂಕದ ನಾಕಾಕ್ಕ ಹೋದೆವು. ದಾರಿ ತುಂಬ ಕೇಳಕೋತ ಹೋದೆವು. ಖಾಕಿ ಕೋಟಿನ ಆಳನ್ನ ಒಬ್ಬರೂ ಕಂಡಿದ್ದಿಲ್ಲ. ನಾಕಾದ ಜವಾನ ಮಾತ್ರ ಹೇಳಿದ, "ನಡಕೊಂಡು ಹೋದವರು ಯಾರೂ ಇಲ್ಲ, ಅಮ್ಮಾ. ನಿನ್ನೆ ಸಂಜೀಕ ಒಂದು ಮೋಟಾರ್ ಹೋತು. ಅಂಥಾದ್ದು ಈ ದಾರಿಯಾಗ ನಾ ನೋಡೇ ಇಲ್ಲ. ಅಡ್ಡಗಂಬ ಎತ್ತೋದರೊಳಗ ದಾಟಿತ್ತು."

ಯಾರು ನಡಸಾಕತ್ತಿದ್ದರು ಅಂತ ಕೇಳತಾಳ ಅನಕೊಂಡೆ. ಅವ್ವ ಅದನ್ನ ಕೇಳಲಿಲ್ಲ. ಸೆರಗು ಬಾಯಿಗೆ ಹಿಡಕೊಂಡು ಜವಾನನ ಹತ್ರ ಸರದಳು.

"ನಗತಿದ್ದನೇನಪ್ಪಾ?" ಅಂದಳು.

ಜವಾನ ನೆಲ ನೋಡಿದ. "ಧೂಳು ಭಾಳಿತ್ತಮ್ಮಾ," ಅಂದ.