ಬಾಗಿಲ ಆಚೆ ನಲವತ್ತು ನಿಮಿಷ

ಆ ಶನಿವಾರ ಅಕ್ಕ ಗೊಳಸಂಗಿಯಿಂದ ಬಂದು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ ಆಗಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕ ರೊಟ್ಟಿಯ ಗಂಟು. ಸೋಮವಾರ ಅವಳಿಗೆ ಗರ್ಭಚೀಲ ತೆಗೆಯುವ ಆಪರೇಶನ್ ಇತ್ತು. ಮುಖ ನೋಡಿದರೆ ಮಾತ್ರ ಪಂಚಮಿಗೆ ತವರಿಗೆ ಬಂದವಳ ಹಾಗಿದ್ದಳು. "ಹದಿನೈದ ದಿನ ಒಲಿ ಮುಂದ ಕುಂಡ್ರೂದ ತಪ್ಪತೈತಿ. ಇದಕ್ಕಿಂತ ದೊಡ್ಡ ಹಬ್ಬ ಯಾವುದೈತಿ?" ಎಂದಳು. ನಾವಿಬ್ಬರೂ ಏನೂ ಅಂಜಿಕೆಯಿಲ್ಲದೆ ಕಳೆದ ಕೊನೆಯ ದಿನ ಅದು.

ಮುಂದೆ ಹೇಳುವುದನ್ನು ಓದುವವರು ನನ್ನನ್ನು ದೆವ್ವ ಭೂತ ನಂಬುವ ಹೆಂಗಸು ಎಂದು ತಿಳಿಯಬಾರದು. ನಾನು ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಸತ್ತವರ ಮೈ ಒರೆಸಿ, ಬಟ್ಟೆ ಸುತ್ತಿ ಮನೆಯವರ ಕೈಗೆ ಕೊಟ್ಟಿದ್ದೇನೆ. ಅದೇ ಕಾಟಿನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದೇನೆ. ಯಾವ ಸದ್ದೂ ಕೇಳಿದ್ದಿಲ್ಲ, ಯಾರೂ ಕಂಡಿದ್ದಿಲ್ಲ. ಊರಲ್ಲಿ ಯಾರಾದರೂ ಅಂಥ ಸುದ್ದಿ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಅವರು ಸುಳ್ಳು ಹೇಳುತ್ತಾರೆ ಎಂದೇ ಆಗ ನನ್ನ ತಿಳಿವಳಿಕೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಹತ್ತನೇ ಇಯತ್ತೆ ಓದಿ ಆಯಾ ಎಂದು ಸೇರಿದ ನನಗೆ ನಮ್ಮ ಡಾಕ್ಟರ್ ಮೇಡಂ ಆಪರೇಶನ್ ಥಿಯೇಟರಿನ ಕೆಲಸ ಕಲಿಸಿದ್ದರು. ಪ್ರತಿ ಶನಿವಾರ ಆ ಖೋಲಿಯನ್ನು ಪೂರ್ತಿ ತೊಳೆದು, ಔಷಧದ ಮಂಜು ತುಂಬಿ, ಸೋಮವಾರಕ್ಕೆ ತಯಾರು ಮಾಡುವುದು ನನ್ನ ಪಾಲಿನ ಕೆಲಸ. ಮೊದಲ ವರ್ಷಗಳಲ್ಲಿ ಫಾರ್ಮಲಿನ್ ಇಡುತ್ತಿದ್ದೆವು. ಅದರ ಘಾಟಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು, ಮರುದಿನ ಬಾಗಿಲು ತೆಗೆದರೂ ಗಂಟಲು ಹಿಡಿಯುತ್ತಿತ್ತು. ಆಮೇಲೆ ಮೇಡಂ ಹೈಡ್ರೋಜನ್ ಪೆರಾಕ್ಸೈಡ್ ತರಿಸಿದರು, ಅದನ್ನು ಮಂಜು ಮಾಡಿ ಬಿಡುವ ಮಷಿನ್ ತರಿಸಿದರು. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುವ ಔಷಧವೇ ಅದು, ಇನ್ನೂ ಗಟ್ಟಿಯದು.

ಕೆಲಸದ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ಸಾಬೂನಿನ ನೀರಿನಿಂದ ನೆಲ, ಗೋಡೆ, ಟೇಬಲ್ಲು ತೊಳೆದು ಒಣಗಿಸಬೇಕು. ರಕ್ತದ ಕಲೆ ಎಲ್ಲಿಯಾದರೂ ಉಳಿದರೆ ಔಷಧ ಅಲ್ಲೇ ನೊರೆಯಾಗಿ ಸತ್ತುಹೋಗುತ್ತದೆ. ಟೇಬಲ್ಲಿನ ಗಾದಿ ಎತ್ತಿ ನಿಲ್ಲಿಸಬೇಕು, ಕಪಾಟು, ಡ್ರಾಯರು ಎಲ್ಲ ತೆರೆದಿಡಬೇಕು. ಮಂಜು ಮುಟ್ಟದ ಜಾಗ ತೊಳೆಯದ ಜಾಗವೇ ಎನ್ನುತ್ತಿದ್ದರು ಮೇಡಂ. ಆಮೇಲೆ ಅಳತೆ ಹಿಡಿದು ಔಷಧವನ್ನು ಡಿಸ್ಟಿಲ್ಡ್ ನೀರಿಗೆ ಬೆರೆಸಿ ಮಷಿನ್ನಿನ ಡಬ್ಬಿಗೆ ಹಾಕಿ, ಫ್ಯಾನು, ಏಸಿ ಆರಿಸಿ, ಹೊರಗೆ ಬಂದು ಬಾಗಿಲಿನ ಸಂದಿಗೆ ಟೇಪು ಹಚ್ಚಬೇಕು. ಒಳಗೆ ಹೋಗುವ ಪ್ರಸಂಗ ಬರಬಾರದೆಂದು ಮಷಿನ್ನಿನ ಸ್ವಿಚ್ಚನ್ನು ಹೊರಗಿನ ಗೋಡೆಗೆ ಕೂಡಿಸಿದ್ದರು. ನಮ್ಮ ಖೋಲಿಯ ಅಳತೆಗೆ ಮಷಿನ್ ಒಂದು ತಾಸು ನಡೆಯಬೇಕು. ಮಂಜು ಕೂತು ಆರಲು ಮತ್ತೆ ಅರ್ಧ ತಾಸು.

ಹೊಸ ಔಷಧಕ್ಕೆ ವಾಸನೆ ಇರಲಿಲ್ಲ. ಆರಿದ ಮೇಲೆ ಅದು ಬರೀ ನೀರು ಮತ್ತು ಗಾಳಿಯಾಗಿ ಹೋಗುತ್ತದೆ, ರೋಗಿಗೆ ಏನೂ ತೊಂದರೆಯಿಲ್ಲ ಎಂದು ಮೇಡಂ ಹೇಳಿದ್ದರು. ಅದು ನಿಜ. ಆದರೆ ಫಾರ್ಮಲಿನ್ ಇಡದೆ ಬಿಟ್ಟಿದ್ದರೆ ಮರುದಿನ ಬಾಗಿಲು ತೆಗೆದವರಿಗೆಲ್ಲ ಗೊತ್ತಾಗುತ್ತಿತ್ತು. ಇದನ್ನು ಮಾಡಿದರೂ ಗುರುತಿಲ್ಲ, ಬಿಟ್ಟರೂ ಗುರುತಿಲ್ಲ. ಕಣ್ಣು ಉರಿಸದ ಔಷಧದ ಮೇಲೆ ನನಗೆ ಭಯ ಹುಟ್ಟಲೇ ಇಲ್ಲ.

ಅಕ್ಕನ ಆಪರೇಶನ್ ಬಿಜಾಪುರದಲ್ಲಿ ಮಾಡಿಸಬೇಕೆಂದು ಅವಳ ಗಂಡ ಹಟ ಹಿಡಿದಿದ್ದರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಅಕ್ಕ ಒಪ್ಪಿರಲಿಲ್ಲ. "ಅಲ್ಲಿ ಯಾರ ತೊಳೀತಾರೋ, ಹೆಂಗ ತೊಳೀತಾರೋ ಯಾರಿಗೆ ಗೊತ್ತ? ಇಲ್ಲಿ ಖೋಲಿ ತೊಳಿಯಾಕಿ ನಮ್ಮ ತಂಗಿ" ಎಂದು ಮಾಮಾನ ಬಾಯಿ ಮುಚ್ಚಿಸಿದ್ದಳಂತೆ. ಅದನ್ನು ನನಗೂ ಹೇಳಿ ನಕ್ಕಳು. ನನಗೆ ಹೆಮ್ಮೆಯಾಯಿತು.

ಆ ಸಂಜೆ ನಾನು ಹೊರಗೆ ಬಂದು ಟೇಪು ಹಚ್ಚಿ, ಸ್ವಿಚ್ಚು ಒತ್ತಿ ತಿರುಗಿದಾಗ ಅಕ್ಕ ಬಾಗಿಲೆದುರಿನ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. "ಎಷ್ಟೊತ್ತ ಹೊಗಿ ಹಾಕ್ತೀಯವಾ, ಒಳಗ ಏನ್ ಸೊಳ್ಳಿ ಅದಾವೇನ?" ಎಂದಳು.

"ಸೊಳ್ಳಿಗಲ್ಲವಾ, ಕಣ್ಣಿಗೆ ಕಾಣಲಾರದ ಹುಳಕ್ಕ."

"ಕಾಣಲಾರದ್ದಕ್ಕ ಇಷ್ಟ ಅಂಜತಿ, ಕಾಣೂ ಅಕ್ಕಗ ಒಂದ ವಾಟಗಾ ಚಾ ಕುಡಸವಲ್ಲಿ."

ಇಪ್ಪತ್ತು ನಿಮಿಷ ಆಗಿರಬೇಕು, ಕರೆಂಟು ಹೋಯಿತು. ಆಗ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಜನರೇಟರನ್ನು ಆಪರೇಶನ್ ಇದ್ದಾಗ ಮಾತ್ರ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತು ಕಾದೆವು. ಅಕ್ಕನಿಗೆ ಪೇಟೆಗೆ ಹೋಗಿ ಬಳೆ ಇಡಿಸಿಕೊಳ್ಳುವ ಆಸೆ. "ಸಾಕ ಬಿಡ, ಅಂಗಡಿ ಮುಚ್ತಾರ" ಎಂದು ಸೆರಗು ಹಿಡಿದು ಎಳೆದಳು. ನಾನು ಟೇಪು ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಡಬ್ಬಿಯಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಔಷಧ ಉಳಿದಿತ್ತು. ಅದನ್ನು ಮೋರಿಗೆ ಚೆಲ್ಲಿದೆ. ಥಿಯೇಟರಿನ ಲೆಕ್ಕದ ಪುಸ್ತಕದಲ್ಲಿ ಮಷಿನ್ ಒಂದು ತಾಸು ನಡೆಯಿತು ಎಂದು ಬರೆದು ಸಹಿ ಮಾಡಿದೆ. ಸೆರಗು ಎಳೆದದ್ದು ಅಕ್ಕ, ಸಹಿ ಮಾಡಿದ ಕೈ ನನ್ನದು. ಅವಳಿಗೆ ಆ ಕೆಲಸದ ಮಹತ್ವ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಬಳೆಗಾರನು ಅಕ್ಕನ ಕೈ ಹಿಚುಕಿ ಹಸಿರು ಬಳೆ ಏರಿಸುತ್ತಿದ್ದಾಗ ಓಣಿಯ ತುಂಬ ದೀಪ ಹತ್ತಿದವು. ಮಷಿನ್ ನಡೆಯದೆ ಉಳಿದ ನಲವತ್ತು ನಿಮಿಷ ನನಗೆ ಆಗಲೇ ನೆನಪಾಯಿತು. ದವಾಖಾನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಮರುದಿನ ಭಾನುವಾರ ಇಡೀ ದಿನ ಬಿಡುವಿತ್ತು, ಥಿಯೇಟರಿನ ಕೀಲಿಕೈ ನನ್ನ ಹತ್ತಿರವೇ ಇತ್ತು. ಅವತ್ತೂ ಹೋಗಲಿಲ್ಲ. ಅಕ್ಕನ ತಲೆಗೆ ಎಣ್ಣೆ ಹಚ್ಚಿ ಎರೆದೆ, ಇಬ್ಬರೂ ಮಲಗಿ ಹಳೆಯ ಮಾತು ಆಡಿದೆವು.

ಸೋಮವಾರ ಆಪರೇಶನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಜ್ವರ ಬಂತು. ಐದನೆಯ ದಿನ ಹೊಲಿಗೆಯ ಸುತ್ತ ಕೆಂಪಾಗಿ ಕೀವು ಕಾಣಿಸಿತು. ಮೇಡಂ ತಾವೇ ಗಾಡಿಯಲ್ಲಿ ಕೂತು ಬಿಜಾಪುರದ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರು. ನಾನು ಅಕ್ಕನ ಜೊತೆ ಅಲ್ಲೇ ಉಳಿದೆ. ನಡುವೆ ಒಂದು ದಿನ ಜ್ವರ ಇಳಿದಾಗ ಅಕ್ಕ ಕಣ್ಣು ತೆರೆದು ವಾರ್ಡನ್ನೆಲ್ಲ ನೋಡಿ, "ಇಲ್ಲಿ ಭಾಳ ಹೊಲಸ ಐತಿ ತಂಗಿ. ನೀ ಇಲ್ಲೇ ಕೆಲಸಕ್ಕ ಸೇರಕೋ" ಎಂದಳು. ನಾನು ಆಗಲೂ ಹೇಳಲಿಲ್ಲ. ಆಪರೇಶನ್ ಆದ ಹನ್ನೆರಡು ದಿನಕ್ಕೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮಾಮಾ ನನ್ನ ಮುಂದೆ ಕೂತು, "ನಿನ್ನ ಕೈಯಾಗ ಇದ್ಲಲ್ಲವಾ, ಅಷ್ಟರ ಮಟ್ಟಿಗೆ ನನಗ ಸಮಾಧಾನ ಐತಿ" ಎಂದರು.

ನಾನು ಹೇಳಬೇಕೆಂದಿರುವ ಸಂಗತಿ ಇದಾದ ಮೂರು ವಾರಕ್ಕೆ ನಡೆದದ್ದು. ಅದು ಹಾಡುಹಗಲು. ಕೆಲಸಕ್ಕೆ ತಿರುಗಿ ಬಂದ ಮೊದಲ ಶನಿವಾರ. ಅವತ್ತು ನಾನು ಒಂದೊಂದು ಕೆಲಸವನ್ನೂ ಎರಡೆರಡು ಸಲ ಮಾಡಿದೆ. ಗೋಡೆಯ ಮೂಲೆಗಳನ್ನು ಮೊಣಕಾಲೂರಿ ತಿಕ್ಕಿದೆ. ಔಷಧವನ್ನು ಒಮ್ಮೆ ಅಳೆದು, ತಿರುಗಿ ಪಾತ್ರೆಗೆ ಸುರುವಿ ಇನ್ನೊಮ್ಮೆ ಅಳೆದೆ. ಡಬ್ಬಿ ತುಂಬಿ, ಟೇಪು ಹಚ್ಚಿ, ನಾಲ್ಕು ಗಂಟೆಗೆ ಸರಿಯಾಗಿ ಸ್ವಿಚ್ಚು ಒತ್ತಿ ಬೆಂಚಿನ ಮೇಲೆ ಕೂತೆ. ಅಕ್ಕ ಕೂತ ಕಡೆ ಕೂರಲು ಮನಸ್ಸಾಗದೆ ಇನ್ನೊಂದು ತುದಿಗೆ ಕೂತೆ.

ನಾಲ್ಕೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಓಣಿಯಂಥ ಆ ಪಡಸಾಲೆಯಲ್ಲಿ ಫ್ಯಾನು ನಿಧಾನವಾಗಿ ನಿಂತಿತು, ಔಷಧದಂಗಡಿಯ ರೇಡಿಯೋ ನಿಂತಿತು. ಮಷಿನ್ನಿನ ಸದ್ದು ನಿಲ್ಲಲಿಲ್ಲ.

ಮೊದಲು ಅದು ನನ್ನ ಕಿವಿಯಲ್ಲೇ ಉಳಿದ ಸದ್ದು ಎಂದುಕೊಂಡೆ. ಎದ್ದು ಹೋಗಿ ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಮಷಿನ್ ನಡೆಯುತ್ತಿತ್ತು. ಕದದ ಮೇಲೆ ಕೈ ಇಟ್ಟರೆ ಅಂಗೈಗೆ ಅದರ ನಡುಕ ತಿಳಿಯುತ್ತಿತ್ತು. ಗೋಡೆಯ ಸ್ವಿಚ್ಚು ಆರಿಸಿದೆ. ನಿಲ್ಲಲಿಲ್ಲ. ಹಚ್ಚಿದೆ, ಮತ್ತೆ ಆರಿಸಿದೆ. ಒಂದೇ ಸಮ ನಡೆದೇ ಇತ್ತು.

ವಾಚ್‌ಮನ್ ಬಸಪ್ಪ ಕಾಕಾನನ್ನು ಕೂಗಿದೆ. "ಕಾಕಾ, ಕರೆಂಟ ಐತೇನ್ರಿ?"

"ಎಲ್ಲೀದವಾ, ಈಗರ ಹೋತಲ್ಲ. ಇನ್ನ ಆರಕ್ಕ ಬರತೈತಿ."

"ಇಲ್ಲಿ ಬಂದ ಒಂದೀಟ ಕಿವಿ ಇಡ್ರಿ."

ಕಾಕಾ ಬೀಡಿ ಆರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಬಂದು ಕಿವಿ ಇಟ್ಟರು. "ಗುಂಯ್ ಅಂತೈತಿ. ಬೋರಿನ ಮೋಟಾರ ಇರಬೇಕ ತಗಿ" ಎಂದು ಹೊರಟರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಕರೆಂಟಿಲ್ಲದೆ ಬೋರಿನ ಮೋಟಾರು ಹೇಗೆ ನಡೆದೀತು ಎಂದು ಅವರಿಗೂ ಹೊಳೆದಿರಬೇಕು. ಹೊಳ್ಳಿ ನೋಡದೆಯೇ, "ತಂಗಿ, ನೀ ಮನಿಗಿ ಹೋಗು. ನಾ ನೋಡಕೋತೇನಿ" ಎಂದರು. ಹಾಗೆಂದವರು ಗೇಟಿನ ಹತ್ತಿರ ಹೋಗಿ ಕೂತರು, ಮತ್ತೆ ಒಳಗೆ ಬರಲೇ ಇಲ್ಲ. ಮುಂದೆ ಎಂದೂ ಆ ಮಾತು ಎತ್ತಲಿಲ್ಲ. ನಾನು ಒಮ್ಮೆ ಎತ್ತಿದಾಗ, "ವಯಸ್ಸಾದ ಕಿವಿಯವಾ ನನ್ನವು" ಎಂದು ಮಾತು ಹಾರಿಸಿದರು.

ನಾನು ಮನೆಗೆ ಹೋಗಲಿಲ್ಲ. ಹೋದ ಸಲ ಹೋಗಿದ್ದೆನಲ್ಲ, ಅದಕ್ಕೆ. ಬಾಗಿಲಿನಲ್ಲಿ ಒಂದು ಸಣ್ಣ ಗಾಜು ಇತ್ತು. ಇಣುಕಿದರೆ ಒಳಗಿನದು ಕಾಣಬಹುದಿತ್ತು. ಇಣುಕಲಿಲ್ಲ. ಬೆಂಚಿನ ಮೇಲೆ ಕೈಗಡಿಯಾರ ನೋಡುತ್ತ ಕೂತೆ. ಐದಕ್ಕೆ ಸದ್ದು ನಿಂತಿತು. ಮೆಲ್ಲಗೆ ಕ್ಷೀಣವಾಗಿ ನಿಲ್ಲಲಿಲ್ಲ, ಯಾರೋ ಆರಿಸಿದ ಹಾಗೆ ಒಮ್ಮೆಲೇ ನಿಂತಿತು. ನಲವತ್ತು ನಿಮಿಷ.

ಕರೆಂಟು ಬಂದದ್ದು ಆರು ದಾಟಿದ ಮೇಲೆ. ಆಗ ಟೇಪು ಬಿಚ್ಚಿದೆ. ಟೇಪು ನಾನು ಹಚ್ಚಿದ ಹಾಗೇ ಇತ್ತು. ಒಳಗೆ ಗಾದಿ ನಿಂತಿತ್ತು, ಡ್ರಾಯರುಗಳು ತೆರೆದಿದ್ದವು, ಎಲ್ಲ ನಾನು ಇಟ್ಟ ಹಾಗೇ. ಸ್ಟೀಲಿನ ಟ್ರೇಗಳ ಮೇಲೆ, ಟ್ರೇಗಳ ಕೆಳಗೂ, ಕೈಯಾಡಿಸಿದರೆ ಬೆರಳಿಗೆ ಹತ್ತುವಷ್ಟು ಸಣ್ಣ ತೇವ ಇತ್ತು. ಮಷಿನ್ನಿನ ಡಬ್ಬಿ ತೆಗೆದು ನೋಡಿದೆ. ಒಂದು ಹನಿಯೂ ಇರಲಿಲ್ಲ. ಸೋರಿರಬಹುದೆಂದು ನೆಲ ಮುಟ್ಟಿ ನೋಡಿದೆ. ಎಲ್ಲೂ ಚೆಲ್ಲಿದ ಗುರುತಿರಲಿಲ್ಲ. ಮರುದಿನ ಡಬ್ಬಿಗೆ ನೀರು ತುಂಬಿ ಸಂಜೆಯವರೆಗೆ ಇಟ್ಟೆ. ಒಂದು ಹನಿ ಇಳಿಯಲಿಲ್ಲ.

ಈ ವರ್ಷಗಳಲ್ಲಿ ನಾನು ಎಲ್ಲ ರೀತಿಯಿಂದಲೂ ವಿಚಾರ ಮಾಡಿದ್ದೇನೆ. ಗಡಿಯಾರ ತಪ್ಪಿರಬಹುದು. ಯಾವುದೋ ವೈರಿನಿಂದ ಕರೆಂಟು ಹರಿದಿರಬಹುದು. ಮೂರು ವಾರ ನಿದ್ದೆಗೆಟ್ಟ ನನ್ನ ತಲೆ ಕೆಟ್ಟಿರಬಹುದು. ಆದರೆ ಕಾಕಾನ ಕಿವಿ ಕೆಟ್ಟಿರಲಿಲ್ಲ, ಖಾಲಿ ಡಬ್ಬಿ ನಿದ್ದೆಗೆಟ್ಟಿರಲಿಲ್ಲ. ನಾನು ಬಿಟ್ಟ ಕೆಲಸವನ್ನು ಅಕ್ಕ ಮುಗಿಸಿ ಕೊಟ್ಟಳು, ನನ್ನನ್ನು ಕ್ಷಮಿಸಿದಳು ಎಂದುಕೊಳ್ಳಲು ಮನಸ್ಸಾಗುತ್ತದೆ. ಅದು ನನಗೆ ಅನುಕೂಲವಾದ ಅರ್ಥ. ಅದಕ್ಕೇ ಅದನ್ನು ನಂಬಲು ಹೆದರುತ್ತೇನೆ. ಇಷ್ಟು ಹೊತ್ತು ಕೂರುವುದು ನಿನಗೆ ಅಷ್ಟು ಕಷ್ಟವಾಗಿತ್ತೇ ಎಂದು ಅವಳು ಕೇಳಿದ್ದೂ ಆಗಿರಬಹುದು.

ಸೋಮವಾರ ಮೇಡಂ ಹತ್ತಿರ ಹೋಗಿ ಅಕ್ಕ ಬಂದ ಆ ಶನಿವಾರದ್ದನ್ನು ಹೇಳಿಬಿಟ್ಟೆ. ಚೆಲ್ಲಿದ್ದು, ಸುಳ್ಳು ಬರೆದದ್ದು ಎಲ್ಲವನ್ನೂ. ಸದ್ದಿನ ವಿಷಯ ಹೇಳಲಿಲ್ಲ. ಅವರು ಪುಸ್ತಕ ತೆಗೆದು ನೋಡಿ, "ಆ ಸೋಮವಾರ ಮೂರ ಆಪರೇಶನ್ ಆಗಿದ್ವು. ಉಳಿದ ಇಬ್ಬರೂ ಆರಾಮ ಮನಿಗಿ ಹೋದ್ರು. ನಿಮ್ಮಕ್ಕಗ ಶುಗರ್ ಇತ್ತು. ಖೋಲಿಯಿಂದನ ಆತೋ, ಬ್ಯಾರೆ ಯಾವುದರಿಂದ ಆತೋ, ನಾ ಹೇಳಲಾರೆ" ಎಂದರು. ನಾನು ಏಳುವಾಗ, "ಆದ್ರ ಆ ಸೋಮವಾರ ಮುಂಜಾನೆ ನೀ ನನಗ ಒಂದ ಮಾತ ಹೇಳಬೇಕಿತ್ತು" ಎಂದರು. ಕೆಲಸದಿಂದ ತೆಗೆಯಲಿಲ್ಲ. ಒಂದು ತಿಂಗಳಿಗೆ ನಾನೇ ಬಿಟ್ಟೆ.

ಮಾಮಾಗೆ ಈಗ ವಯಸ್ಸಾಗಿದೆ. ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಚಹಾ ಕುಡಿದೇ ಹೋಗುತ್ತಾರೆ. ಹೋದ ಸಲ ಹೊಸ ಸೊಸೆಯನ್ನು ಕರೆದುಕೊಂಡು ಬಂದಿದ್ದರು. "ನಿಮ್ಮತ್ತಿನ್ನ ಕಡೀತನಕ ಜ್ವಾಕಿ ಮಾಡಿದಾಕಿ ಈಕಿನ. ಕಾಲ ಮುಟ್ಟವಾ" ಎಂದರು. ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಲೋಟ ತೊಳೆಯುವ ನೆವ ಮಾಡಿಕೊಂಡು ಒಳಗೆ ಹೋದೆ. ಮಾಮಾಗೆ ಓದಲು ಬರುವುದಿಲ್ಲ. ಇಷ್ಟನ್ನು ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ ಇರಬೇಕು. ಅವರಿಗೆ ನಾನು ಇನ್ನೂ ಹೇಳಿಲ್ಲ.