ಗುರುಬಸವ್ವನ ಮೋತ್ಯಾನಿಗೆ ಮೂರ್ಛೆ ಬಂದದ್ದು

ವಿಜಾಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಗುರುಬಸವ್ವ ಚುರುಮುರಿ ಭಟ್ಟಿ ನಡೆಸುತ್ತಿದ್ದಳು. ಕಾದ ಉಸುಕಿನಲ್ಲಿ ಕಡಲೆ ಹುರಿಯುವಾಗ ಬಾಯಲ್ಲಿ ಎಣಿಸುತ್ತಿದ್ದಳು; ಎಣಿಕೆ ಮುಗಿಯುವವರೆಗೆ ಕಲೆಕ್ಟರ ಸಾಹೇಬನೇ ಬಂದು ಕರೆದರೂ ಉತ್ತರವಿಲ್ಲ. ಗಂಡ ತೀರಿದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ: ಆಕೆ, ಮತ್ತು ಟಿಕೋಟಾ ಸಂತೆಯಿಂದ ಬೆನ್ನು ಹತ್ತಿ ಬಂದ ನಾಯಿ ಮೋತ್ಯಾ.

ಯುದ್ಧದ ಕಾಲ. ಬೇಸಿಗೆಯ ಒಂದು ಮುಂಜಾನೆ ಮೋತ್ಯಾ ಭಟ್ಟಿಯ ಮುಂದೆ ದೊಪ್ಪನೆ ಬಿದ್ದು, ಕಾಲು ಸೆಟೆದು ಒದ್ದಾಡತೊಡಗಿತು. ಬಾಯಲ್ಲಿ ನೊರೆ. ಎದುರುಮನೆಯ ಯಲಗೂರಪ್ಪ ಬಡಿಗೆ ಹಿಡಿದು ಓಡಿಬಂದ.

"ಹುಚ್ಚ ಹಿಡದೈತಿ! ಅತ್ತಾಗ ಸರಿ ಬೇ ಯಕ್ಕಾ, ಒಂದ ಏಟಿಗೆ ಮುಗಸ್ತೇನಿ."

"ಮುಟ್ಟಿ ನೋಡು! ಅದಕ್ಕ ಮೂರ್ಛಿ ಬಂದೈತಿ. ಹುಚ್ಚ ಹಿಡದದ್ದು ನಿನಗ."

ನಾನು ಕನ್ನಡ ಸಾಲೆಯ ಮಾಸ್ತರ. ಗೊತ್ತಿಲ್ಲದ ವಿಷಯದಲ್ಲಿಯೇ ನನಗೆ ಧೈರ್ಯ ಹೆಚ್ಚು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕೆಂದು ನಮ್ಮ ಕಡೆ ಯಾರಿಗೆ ತಿಳಿಯದು? ಮನೆಯ ಕೀಲಿಕೈ ಗೊಂಚಲು ತಂದು ಮೋತ್ಯಾನ ಮುಂಗಾಲಿಗೆ ಹಿಡಿಸಲು ಕುಳಿತೆ. ನಾಯಿಗೆ ಮುಷ್ಟಿ ಕಟ್ಟಲು ಬರುವುದಿಲ್ಲವೆಂದು ಹೊಳೆದದ್ದು ಆಮೇಲೆ. ಆಗ ಹಲ್ಲು ಬಿಡಿಸೋಣವೆಂದು ಬಾಯಿಗೆ ಚಮಚ ಹಾಕಲು ಹೊರಟೆ.

"ಮಾಸ್ತರ, ಹಿಂದ ಸರೀರಿ! ಹಿಂಗ ನನ್ನ ಮೈದುನನ ಬಾಯಾಗ ಸೌಟ ತುರುಕಿ ಮಂದಿ ಎರಡ ಹಲ್ಲ ಉದುರಿಸಿದ್ರು. ಅಂವ ಅಂಬಲಿ ಕುಡದ ಬದುಕ್ಯಾನ. ಬೆರಳ ಹೋದ್ರ ನೀವು ಹಲಗಿ ಮ್ಯಾಲ ಬರ್ಯಾಕ ಖಡು ಹೆಂಗ ಹಿಡೀತೀರಿ?"

ಆಕೆ ಉರಿಯುವ ಕಟ್ಟಿಗೆಗಳನ್ನು ಅತ್ತ ಎಳೆದು, ನಾಯಿಯನ್ನು ಮುಟ್ಟದೆ ಪಕ್ಕದಲ್ಲಿ ಕುಳಿತು ಎಣಿಸತೊಡಗಿದಳು. ಕಾದ ಉಸುಕಿನಲ್ಲಿದ್ದ ಕಡಲೆ ಕರ್ರಗಾಗಿ ಹೊಗೆಯೆದ್ದಿತು. ಆಕೆ ತಿರುಗಿ ನೋಡಲಿಲ್ಲ. ತೊಂಬತ್ತು ದಾಟಿದಾಗ ಮೋತ್ಯಾನ ಕಾಲುಗಳು ಸಡಿಲಾದವು. ಎದ್ದಿತು, ತೂರಾಡಿ ಗೋಡೆಗೆ ಬಡಿಯಿತು, ಒಡತಿಯ ಮೇಲೆಯೇ ಗುರ್ರೆಂದಿತು.

ಯಲಗೂರಪ್ಪ ಬಡಿಗೆ ಎತ್ತಿದ. "ನೀರ ಇಡು. ಹುಚ್ಚ ನಾಯಿ ನೀರ ಕುಡಿಯೂದಿಲ್ಲ. ಕುಡೀಲಿಲ್ಲಂದ್ರ ನನಗ ಬಿಡು."

ಬೋಗುಣಿ ಇಟ್ಟಳು. ಮೋತ್ಯಾ ಮೂಸಿ, ಮುಖ ತಿರುಗಿಸಿತು. ಕೂಡಿದ್ದ ಮಂದಿಯ ನಡುವಿನಿಂದ ಯಲಗೂರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಕಣ್ಣ ಇನ್ನೂ ಮಂಜ ಅದಾವ. ತಡೀಪಾ," ಎಂದಳು. ಆಕೆಯ ದನಿ ನಡುಗಿದ್ದನ್ನು ನಾನು ಕೇಳಿದ್ದು ಅಂದೊಮ್ಮೆಯೇ.

ಸ್ವಲ್ಪ ಹೊತ್ತಿಗೆ ಮೋತ್ಯಾ ತಾನೇ ಮರಳಿ ಬಂದು ಬೋಗುಣಿಯ ತಳ ಕಾಣುವಂತೆ ಕುಡಿಯಿತು.

ಯಲಗೂರಪ್ಪ ಬಡಿಗೆಯನ್ನು ಬೆನ್ನ ಹಿಂದೆ ಸರಿಸಿದ. "ನಾ ಏನ ಹೊಡ್ಯಾಕ ಬಂದಿದ್ನೇನ ಯಕ್ಕಾ? ಮಂದಿನ್ನ ದೂರ ಇಡಾಕ ತಂದಿದ್ನಿ."

"ಹಂಗಾರ ಇಲ್ಲೇ ನಿಂದ್ರು. ಈ ಮಾಸ್ತರನ್ನ ಮೊದಲ ದೂರ ಇಡು."

ಯಲಗೂರಪ್ಪ ನಿಜವಾಗಿಯೂ ನಿಂತ. ನಾನು ಸಾಲೆಗೆ ಹೊತ್ತಾಯಿತೆಂದು ಮೆಲ್ಲಗೆ ಕಾಲ್ತೆಗೆದೆ.